ಪುಟದ ಮೇಲಂಚಿನ ಬೆರಳಗುರುತು

ಹಳೆಯ ಟ್ರಂಕಿನ ಮುಚ್ಚಳ ತೆಗೆದರೆ ಇಂದಿಗೂ ಮೊದಲು ಮೂಗಿಗೆ ಬರುವುದು ಜೋಳದ ಹಿಟ್ಟಿನ ಮುಗ್ಗಲು ವಾಸನೆ. ತಳದಲ್ಲಿ ರಟ್ಟು ಕಳಚಿದ ಒಂದು ಕನ್ನಡ ಪಾಠದ ಪುಸ್ತಕವಿದೆ. ಅದರ ಪುಟಗಳ ಕೆಳಗಂಚಿನಲ್ಲಿ ನನ್ನ ಎಳೆಯ ಬೆರಳುಗಳ ಎಣ್ಣೆಗಲೆ; ಮೇಲಂಚಿನಲ್ಲಿ, ಓದುವವರ ಬೆರಳು ಸಾಮಾನ್ಯವಾಗಿ ಹೋಗದ ಜಾಗದಲ್ಲಿ, ದೊಡ್ಡವರೊಬ್ಬರ ಹಿಟ್ಟುಗೈ ಒತ್ತಿದ ಮಾಸಲು ಗುರುತುಗಳು. ನನ್ನ ತಮ್ಮ ಈಚೆಗೆ ಅಚ್ಚು ಹಾಕಿಸಿದ ಮನೆತನದ ಚರಿತ್ರೆಯಲ್ಲಿ ಆ ಬೆರಳಿನವಳ ಬಗ್ಗೆ ಒಂದೇ ವಾಕ್ಯವಿದೆ: 'ನೀಲವ್ವನಿಗೆ ಕಲಿಸಲು ಹಿರಿಯರು ಬಹಳ ಶ್ರಮಪಟ್ಟರೂ ಅಕ್ಷರ ಹತ್ತಲಿಲ್ಲ.' ತಮ್ಮ ಆಗ ಹುಟ್ಟಿರಲಿಲ್ಲ, ನಾನು ಅಲ್ಲಿದ್ದೆ. ಆ ವಾಕ್ಯದಲ್ಲಿ ಅವಳ ಹೆಸರೊಂದೇ ನಿಜ.

ನೀಲವ್ವ ನನ್ನ ಅಪ್ಪನ ತಂಗಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಜೇವರ್ಗಿ ಕಡೆಯ ಅತ್ತೆಮನೆಯಿಂದ ಮುಂಗೈಯ ಮೇಲೆ ಬರೆಯ ಗುರುತು ಹೊತ್ತು ಸರಸಂಬಾದ ನಮ್ಮ ಮನೆಗೆ ಬಂದಿದ್ದಳು. ಅದು ನಿಜಾಮರ ಆಳಿಕೆಯ ಕಡೆಯ ವರ್ಷ. ಸರ್ಕಾರಿ ಶಾಲೆಯಲ್ಲಿ ಉರ್ದು. ಕನ್ನಡಕ್ಕೆ ಅಪ್ಪ ಸೊಲ್ಲಾಪುರದಿಂದ ತಂದ ಈ ಒಂದೇ ಪುಸ್ತಕ. ಮುಂಜಾನೆ ಅತ್ತೆ ಬೀಸುಕಲ್ಲಿನ ಆಚೆ ಕೂತು ಜೋಳ ಬೀಸುತ್ತಿದ್ದಳು. ನಾನು ಈಚೆ ಕೂತು, ಪುಸ್ತಕವನ್ನು ನನ್ನೆದುರಿಗೆ ನೆಲದ ಮೇಲೆ ಹರವಿ, ಕಲ್ಲಿನ ಸದ್ದನ್ನು ಮೀರಿಸುವಂತೆ ಒದರಿ ಓದುತ್ತಿದ್ದೆ. ಅವಳಿಗೆ ಯಾರೂ ಕಲಿಸಲಿಲ್ಲ. ನನ್ನ ದನಿಯನ್ನೂ ಬೆರಳನ್ನೂ ಹಿಂಬಾಲಿಸಿ ತಾನೇ ಕಲಿತಳು. ಆರು ತಿಂಗಳಲ್ಲಿ ನನ್ನ ತಪ್ಪು ಹಿಡಿಯತೊಡಗಿದಳು. "ಒಂದು ಸಾಲು ನುಂಗಿದಿ ನೋಡು ಬೇ. ಮುಂಜಾನಿ ರೊಟ್ಟಿ ಸಾಲಲಿಲ್ಲೇನು ನಿನಗ?" ಎಂದು ಪುಟದ ಅಂಚನ್ನು ತಟ್ಟುತ್ತಿದ್ದಳು. ನಾನಿನ್ನೂ ಮುಟ್ಟದ ಪಾಠವನ್ನು ಓದಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ಆ ನಗು ನನಗೆ ಸೇರುತ್ತಿರಲಿಲ್ಲ. "ಜ್ವಾಳ ಬಿಟ್ಟು ಅಕ್ಷರ ಬೀಸಾಕತ್ತಾಳ ನೋಡ್ರಿ ಇಕಿ," ಎಂದು ಅಪ್ಪನ ತಾಯಿ, ನಮ್ಮ ಆಯಿ, ಒಳಗಿನಿಂದ ಚುಚ್ಚುತ್ತಿದ್ದಳು.

ನಲವತ್ತೆಂಟರ ದೀಪಾವಳಿ ಕಳೆದ ಮೇಲೆ, ಆಳಂದದಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆಯುತ್ತಾರೆ, ಓದುಬರಹ ಬಲ್ಲ ಹೆಂಗಸೊಬ್ಬಳು ಬೇಕಂತೆ ಎಂಬ ಸುದ್ದಿ ಬಂತು. ಅಪ್ಪ ತಂಗಿಯ ಹೆಸರು ಹೇಳಿ ಕಳಿಸಿದ. ಅಪ್ಪನ ಅಪ್ಪ ಮುತ್ಯಾ ಒಂದೇ ಮಾತು ಹೇಳಿದರು: "ಮಾಸ್ತರ ಬಂದು ಪರೀಕ್ಷಾ ಮಾಡ್ಲಿ. ಪಾಸಾದ್ರ ಆಳಂದ. ಇಲ್ಲಂದ್ರ ಮರುದಿನಾನೇ ಜೇವರ್ಗಿ ಗಾಡಿ." ಅತ್ತೆ ಮುಂಗೈಯ ಗುರುತಿನ ಮೇಲೆ ಸೆರಗೆಳೆದುಕೊಂಡು, "ಆಗ್ಲಿರಿ," ಎಂದಳು.

ಆಳಂದದಿಂದ ಬಂದ ಮಾಸ್ತರರು ಪಡಸಾಲೆಯ ಜಮಖಾನೆಯ ಮೇಲೆ ಕೂತು, ಪುಸ್ತಕದ ಮೊದಲ ಪಾಠ ತೆರೆದು ಅವಳ ಕೈಗಿತ್ತರು. ಅವಳು ಅದನ್ನು ಸಲೀಸಾಗಿ ತಲೆಕೆಳಗು ಮಾಡಿ ಹಿಡಿದಳು. ಮೊದಲು ನಕ್ಕವಳು ನಾನು. ಆಮೇಲೆ ಇಡೀ ಪಡಸಾಲೆ ನಕ್ಕಿತು.

"ಪುಸ್ತಕವ್ವಾ ಇದು, ಜ್ವಾಳ ಕೇರೋ ಮರ ಅಲ್ಲ, ಬೇಕಾದಂಗ ಹಿಡೀಲಿಕ್ಕ," ಎಂದು ಮಾಸ್ತರರು ಅದನ್ನು ಸರಿಯಾಗಿ ತಿರುಗಿಸಿದರು. ಅತ್ತೆಯ ಕಣ್ಣು ಸಾಲಿನಿಂದ ಸಾಲಿಗೆ ಅಲೆಯಿತು. ಒಂದು ಅಕ್ಷರವೂ ಹೊರಡಲಿಲ್ಲ.

"ಹಿಂದಮುಂದ ಮಾಡಿದ್ರ ಬರ್ತದ್ರಿ," ಎಂದಳು.

"ಹಿಂದಮುಂದ ಮಾಡಿದ್ರ ಯಾರಿಗೆ ಬರ್ತದ ಲೇ?" ಎಂದು ಮುತ್ಯಾ ಮಗನ ಕಡೆ ನೋಡಿ ಹೇಳಿದರು.

ಆದರೂ ಮಾಸ್ತರರು ಒಪ್ಪಿದರು. ಅವಳು ಪುಸ್ತಕವನ್ನು ಮತ್ತೆ ತಲೆಕೆಳಗು ಮಾಡಿ ಪಾಠವನ್ನು ಪೂರ್ತಿ ಓದಿದಳು, ಒಂದೂ ತಪ್ಪಿಲ್ಲದೆ. ಅವರಿಗೆ ಅನುಮಾನ ಹೋಗಲಿಲ್ಲ. ಕಟ್ಟಕಡೆಯ ಪಾಠ ತೆಗೆದುಕೊಟ್ಟರು. ಅದನ್ನೂ ಓದಿದಳು. ಮಾಸ್ತರರು ನನ್ನನ್ನು ಹತ್ತಿರ ಕರೆದರು. "ಖರೇ ಹೇಳು ತಂಗಿ. ಈ ಪಾಠ ಇಕಿಗೆ ನೀ ಓದಿ ಹೇಳಿದ್ದೇನು?"

ಆ ಪಾಠಕ್ಕೆ ನಾನು ಬಂದೇ ಇರಲಿಲ್ಲ. ಅದರ ಒತ್ತಕ್ಷರಗಳು ನನ್ನ ನಾಲಿಗೆಗೆ ಬಗ್ಗುತ್ತಿರಲಿಲ್ಲ. ಅಷ್ಟು ಜನರೆದುರು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದು, ಅದೂ ಬೀಸುವವಳಿಗೆ ಬಂದದ್ದು ನನಗೆ ಬರುವುದಿಲ್ಲವೆಂದು ಒಪ್ಪಿಕೊಳ್ಳುವುದು, ಏಳು ವರ್ಷದ ನನ್ನಿಂದ ಆಗಲಿಲ್ಲ.

"ದಿನಾ ನಾನೇ ಓದಿ ಹೇಳ್ತೇನ್ರಿ," ಎಂದೆ.

"ಬಾಯಿಪಾಠ," ಎಂದು ಮಾಸ್ತರರು ಪುಸ್ತಕ ಮುಚ್ಚಿದರು. ಅವರ ಚೀಲದಲ್ಲಿ ಅವಳು ಎಂದೂ ಕಾಣದ ಒಂದು ಪತ್ರಿಕೆ ಮಡಿಚಿಕೊಂಡಿತ್ತು. ಅದನ್ನು ಕೊಟ್ಟು ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ. ತಲೆಕೆಳಗೆ ಹಿಡಿದವಳಿಗೆ ಓದು ಬರಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅತ್ತೆ ನನ್ನನ್ನು ನೋಡಿದಳು. ನಾನು ಜಮಖಾನೆಯ ಪಟ್ಟಿ ಎಣಿಸುತ್ತಿದ್ದೆ.

ಮರುದಿನ ಬೆಳಗ್ಗೆ ಮುತ್ಯಾ ಗಾಡಿ ಹೂಡಿಸಿದರು. ಅತ್ತೆ ಬೈಯಲಿಲ್ಲ. ಗಾಡಿ ಹತ್ತುವ ಮುಂಚೆ ನನ್ನ ಹೆರಳಿನ ಗಂಟು ಬಿಗಿ ಮಾಡುತ್ತ, "ಒಂದು ದಿನರೆ ಆ ಪುಸ್ತಕದ ಮಾರಿ ನನ್ನ ಕಡಿ ತಿರುವಿ ಇಟ್ಟಿದ್ದೇನು ಬೇ?" ಎಂದು ಕೇಳಿದಳು. ನಾನು ಎಂದೂ ಹಾಗೆ ಇಟ್ಟಿರಲಿಲ್ಲ. ಎರಡನೆಯ ಬೇಸಿಗೆಯಲ್ಲಿ ಅವಳು ಅಲ್ಲಿ ತೀರಿಕೊಂಡ ಸುದ್ದಿ ಬಂತು. ಏನಾಗಿತ್ತೆಂದು ನಮ್ಮವರು ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಶಾಲೆಯೂ ಮದುವೆಯೊಂದಿಗೆ ಮುಗಿಯಿತು. ಮುಂದೆ ಓದಿದ್ದೆಲ್ಲ ಕೈಗೆ ಸಿಕ್ಕ ಕಾಗದವನ್ನು ಬಿಡದೆ ಹಟಹಿಡಿದು ಓದಿದ್ದು.

ನಿನ್ನೆ ತಮ್ಮನ ಚರಿತ್ರೆಯ ಆ ಪುಟವನ್ನು ನೆಲದ ಮೇಲೆ ತಲೆಕೆಳಗಾಗಿಟ್ಟು, ಮೇಲಂಚಿನ ಕಡೆಯಿಂದ ಅವಳು ನೋಡುತ್ತಿದ್ದಂತೆ ನೋಡಿದೆ. ಎಪ್ಪತ್ತು ವರ್ಷ ಓದಿದ ಕಣ್ಣು ಇದು. ಅವಳ ಹೆಸರನ್ನು ಹುಡುಕಿದೆ, ಸಿಗಲಿಲ್ಲ.