ಯಂಕೇಶನ ಕಂಪ್ಯೂಟರಿನಲ್ಲಿ ನೀರಿನ ಸರದಿ

ಶ್ರೀರಾಮನಗರದ ಯಂಕೇಶ ಮದುವೆ ವೀಡಿಯೊ ಮಾಡುವವನು. ಏಪ್ರಿಲ್ ಬಿಸಿಲಿಗೆ ಅವನ ಕಂಪ್ಯೂಟರು ಒಂದು ಹಾಡು ಮುಗಿಯುವ ಮೊದಲೇ ಕಾದು ಬಂದ್ ಆಗುತ್ತಿತ್ತು. ಪಕ್ಕದ ಓಣಿಯ ಆಬೇದಾಬಿಯ ಮಗಳ ಮದುವೆ ವೀಡಿಯೊವನ್ನು ಶುಕ್ರವಾರ ಮಧ್ಯಾಹ್ನದೊಳಗೆ ಕೊಡಲೇಬೇಕಿತ್ತು. ಅಂದು ಬೀಗರು ಔತಣಕ್ಕೆ ಬರುವವರಿದ್ದರು. ಇದೊಂದು ತಪ್ಪಿದರೆ ಆ ಓಣಿಯ ಮದುವೆಗಳೆಲ್ಲ ಬೇರೆಯವರ ಪಾಲು.

ಫ್ಯಾನು ಸಾಲದೆಂದು ಅವನು ನೀರಿನ ಮೊರೆ ಹೋದ. ಕೂಲರಿನ ಮೋಟಾರು, ಟೊಳ್ಳಾದ ತಾಮ್ರದ ಬಿಲ್ಲೆಗಳು, ಹಳೆಯ ಕಾರಿನ ಸಣ್ಣ ರೇಡಿಯೇಟರು ಕೂಡಿಸಿದ. ಡಬ್ಬಿಯ ನೀರು ಪೈಪಿನಲ್ಲಿ ಏರಿ, ಕವಲಾಗಿ, ಒಂದು ಕಡೆ ಪ್ರೊಸೆಸರನ್ನೂ ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡನ್ನೂ ತಣಿಸಿ, ರೇಡಿಯೇಟರಿನಲ್ಲಿ ಬಿಸಿ ಕಳೆದುಕೊಂಡು ಡಬ್ಬಿಗೇ ಮರಳುವಂತೆ ಮಾಡಿದ. ಇಲ್ಲಿಗೆ ಕೈಬಿಟ್ಟಿದ್ದರೆ ಹೊಗಳಬಹುದಿತ್ತು. ಆದರೆ ಅವನು ಗದ್ದೆಗಳಿಗೆ ಸರದಿಯಂತೆ ಕಾಲುವೆ ನೀರು ಬಿಡುವ ನೀರುಗಂಟಿಯ ಮಗ, ಅಪ್ಪನ ಸೈಕಲ್ಲಿನ ಹಿಂದೆ ಕೂತು ಗೇಟುಗಳನ್ನು ನೋಡುತ್ತ ಬೆಳೆದವನು. ನೀರು ಕಂಡಲ್ಲಿ ಸರದಿ ಹಚ್ಚದಿದ್ದರೆ ಸಮಾಧಾನವಿಲ್ಲ. ಪ್ರೊಸೆಸರು ಮೇಲಿನ ಗದ್ದೆ, ಕಾರ್ಡು ಕೊನೆಯ ಗದ್ದೆ ಎಂದು ತೀರ್ಮಾನಿಸಿ ಎರಡೂ ಕವಲಿಗೆ ನಲ್ಲಿ ಕೂರಿಸಿದ. ಒಂದಕ್ಕೆ ಬಿಟ್ಟಾಗ ಇನ್ನೊಂದಕ್ಕೆ ಬಂದ್.

ಶುಕ್ರವಾರ ಬೆಳಿಗ್ಗೆ ಕಾರ್ಡಿನ ಸರದಿ. ನೀರಿಲ್ಲದ ಪ್ರೊಸೆಸರು ಕಾದು, ವೀಡಿಯೊದಲ್ಲಿ ವರ ಕುದುರೆ ಏರುವಷ್ಟರಲ್ಲಿ ಪರದೆ ಕಪ್ಪಾಯಿತು. ಸರದಿ ಬದಲಿಸಿದ, ಕಾರ್ಡು ಕೈಕೊಟ್ಟಿತು.

"ಎರಡೂ ನಲ್ಲಿ ತಗೀಬಾರದನ್ರಿ?" ಎಂದಳು ಹೆಂಡತಿ ಕವಿತಾ.

"ತಗದ್ರ ಮೇಲಿನವನ ಎಲ್ಲಾ ಕುಡೀತಾನ. ಕೆಳಗಿನವ್ರ ಗತಿ ಏನು?"

"ಅಯ್ಯ ನಿಮ್ಮ! ನಮ್ಮ ಗದ್ದಿಗಂತ ಕಾಲುವಿಗೆ ಕಳ್ಳ ಪೈಪ್ ಹಾಕಿ ಕೆಳಗಿನವ್ರ ನೀರು ಎತ್ತಾವ್ರು ನೀವು. ಡಬ್ಬ್ಯಾಗಿನ ನೀರಿಗೆ ನ್ಯಾಯ ಹೇಳಾಕ ಕುಂತೀರಿ!"

ಯಂಕೇಶ ಬಂದ್ ಇದ್ದ ನಲ್ಲಿಯನ್ನು ಇನ್ನಷ್ಟು ಬಿಗಿ ಮಾಡಿದ. ಗದ್ದೆಯ ಮಾತು ಬೇರೆ, ಅದು ಸಂಸಾರ. ಇದು ತತ್ವ.

ಅಷ್ಟರಲ್ಲಿ ಆಬೇದಾಬಿಯೇ ಬಾಗಿಲಿಗೆ ಬಂದಳು. "ಯಂಕೇಶಪ್ಪಾ, ಬೀಗರು ಗಂಗಾವತಿ ದಾಟ್ಯಾರ. ಎಲ್ಲೈತಿ ನನ್ನ ಮಗಳ ಮದುವಿ?"

"ಸರದಿ ನಡದೈತ್ರಿ, ಚಾಚಿ."

"ನನ್ನ ಮುಂದ ಮತ್ತ್ಯಾರನ್ನ ನಿಂದ್ರಿಸೀಯೋ?"

ಅವಳ ಮುಖದಲ್ಲಿ ಇಡೀ ಓಣಿಯ ಮುಂದಿನ ಮದುವೆಗಳು ಕೈತಪ್ಪುವುದು ಅವನಿಗೆ ಕಾಣಿಸಿತು. ತತ್ವ ಸಡಿಲಾಯಿತು. ಎರಡೂ ನಲ್ಲಿ ತಿರುವಿದ. ನೀರು ಗುಳುಗುಳು ಹರಿಯಿತು. ಯಾರೂ ಯಾರ ಪಾಲನ್ನೂ ಕುಡಿಯಲಿಲ್ಲ. ವರ ಕುದುರೆ ಏರಿದ, ಇಳಿದ, ಉಂಡ, ವೀಡಿಯೊ ಮುಗಿಯಿತು.

ತಪ್ಪೊಪ್ಪುವ ಬದಲು ಯಂಕೇಶ ಗಂಟಲು ಸರಿಪಡಿಸಿಕೊಂಡ. "ಇವತ್ತ ತುರ್ತು ಅಂತ, ವಿಶೇಷ ಆದೇಶದ ಮ್ಯಾಲೆ ಎರಡೂ ಬಿಡಿಸೇನ್ರಿ."

"ಯಾರ ಆದೇಶ?"

"ನಂದರೀ."

"ಹಂಗಾರ ಸಾಹೇಬ್ರ," ಆಬೇದಾಬಿ ಕೈ ಚಾಚಿದಳು, "ಪೆನ್‌ಡ್ರೈವಿಗೂ ಒಂದು ಆದೇಶ ಹೊರಡಸ್ರಿ. ಬೀಗರು ಬಾಗಿಲಿಗೆ ಬಂದಿರ್ತಾರ."