ಹಂಡೆ ಒಲೆ ಹಿಂದಿನ ಗೋಡೆ ಬೀರು

ಹೋದ ತಿಂಗಳು ಹಾಸನದಲ್ಲಿ ಮಗಳ ಮನೆಯ ತಿರುವಿನಲ್ಲಿ ಇಸ್ತ್ರಿ ಗಾಡಿಯವನು ಒಂದು ದೊಡ್ಡ ಹೊದಿಕೆಗೆ ನೀರು ಚಿಮುಕಿಸಿ ಇದ್ದಿಲ ಪೆಟ್ಟಿಗೆ ಎಳೆದ. ಬಿಸಿಯಾದ ಹತ್ತಿಬಟ್ಟೆಯ ವಾಸನೆ, ಅದರ ಜೊತೆಗೆ ಒಂದಿಷ್ಟು ಹೊಗೆಯ ಘಾಟು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆ ಅಕ್ಕನ ಬೀರುವಿನ ಬಾಗಿಲು ತೆಗೆದರೆ ಇದೇ ವಾಸನೆ ಬರುತ್ತಿತ್ತು. ವಾಸನೆಯ ಹಿಂದೆಯೇ ಹಳೆಯ ಹೊಟ್ಟೆಯುರಿಯೂ ಬಂತು… ಅಕ್ಕ ಹೋಗಿ ಇಷ್ಟು ವರ್ಷವಾದರೂ ಅದು ಆರಿಲ್ಲ, ಏನು ಮಾಡಲಿ.

ನಮ್ಮದೂ ಅವರದೂ ಒಂದೇ ಗೋಡೆಯ ಆಚೆ ಈಚೆ ಇದ್ದ ಕಾಂಪೌಂಡು. ಎರಡು ಮನೆಯ ಬಚ್ಚಲಲ್ಲೂ ನೀರು ಕಾಯಿಸುವ ಹಂಡೆ ಇತ್ತು, ಒಲೆ ಇತ್ತು. ಆದರೆ ಅವರ ಮನೆಯಲ್ಲಿ ಒಲೆಯ ಹಿಂದಿನ ಗೋಡೆಯಲ್ಲಿ, ಕೋಣೆಯ ಕಡೆಗೆ, ಆಳೆತ್ತರದ ಒಂದು ಬೀರು ಕೂಡಿಸಿದ್ದರು. ಬೆಳಗ್ಗೆ ಸೋಗೆ, ಕರಟ ಉರಿದರೆ ಸಾಕು, ಸಂಜೆಯವರೆಗೂ ಆ ಗೋಡೆ ಬೆಚ್ಚಗಿರುತ್ತಿತ್ತು. ಮಳೆಗಾಲದಲ್ಲಿ ಹಿಂಡಿದ ಬಟ್ಟೆಯನ್ನು ಮೇಲಿನ ಪಟ್ಟಿಗಳ ಮೇಲೆ ಹರವುತ್ತಿದ್ದರು, ಒಣಗಿದ್ದನ್ನು ಮಡಿಸಿ ಕೆಳಗೆ ಜೋಡಿಸುತ್ತಿದ್ದರು. ಆಷಾಢದಲ್ಲಿ ಊರಿಗೆ ಊರೇ ಮುಗ್ಗಲು ವಾಸನೆ ಹೊಡೆಯುವಾಗ ಅವರ ಮನೆಯ ದಿಂಬಿನ ಚೀಲ ಮಾತ್ರ ಗರಿಗರಿ.

ನಾನು ಹಳೇಕೋಟೆ ಕಡೆಯ ಶಾಲೆಯಲ್ಲಿ ಟೀಚರು. ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಸುಳ್ಳು ಯಾಕೆ ಹೇಳಲಿ, ನನಗೆ ಚುಚ್ಚುತ್ತಿದ್ದುದು ಅದೇ. ಒಂದು ದಿನ ನಮ್ಮ ಮನೆಯವರು ಮಳೆಯಲ್ಲಿ ತೊಯ್ದು ಬಂದಾಗ ಮನೆಯಲ್ಲಿರುತ್ತಿದ್ದ ಅತ್ತೆಯೂ ಎಲ್ಲೋ ಹೋಗಿ ನಮ್ಮ ಬಾಗಿಲಿಗೆ ಬೀಗ. ಅಕ್ಕ ಬೀರುವಿನಿಂದ ಒಂದು ಟವೆಲ್ಲು ತೆಗೆದುಕೊಟ್ಟರಂತೆ. ಊಟಕ್ಕೆ ಕೂತಾಗ ಇವರು ಸಾರು ಚೆನ್ನಾಗಿದೆ ಎನ್ನಲಿಲ್ಲ, ಪಲ್ಯ ಚೆನ್ನಾಗಿದೆ ಎನ್ನಲಿಲ್ಲ. "ಎಂಥಾ ಬೆಚ್ಚಗಿತ್ತು ಕಣೇ ಆ ಟವೆಲ್ಲು" ಅಂದರು. ಮೈಯೆಲ್ಲ ಉರಿದುಹೋಯಿತು. ಆಮೇಲೆ ಒಂದು ವಾರ ಇವರ ಟವೆಲ್ಲನ್ನು ಹಸಿಯಾಗಿಯೇ ನೇತುಹಾಕಿದೆ.

ನನ್ನ ಮಗಳಿಗಾಗ ನಾಲ್ಕು ವರ್ಷ, ಉಬ್ಬಸದ ಕೂಸು. ಮಳೆ ಹಿಡಿದರೆ ಎದೆ ಗೊರಗೊರ ಎನ್ನುತ್ತಿತ್ತು. ಥಂಡಿ ಹಾಸಿಗೆಯಲ್ಲಿ ಮಲಗಿಸಲೇಬೇಡಿ, ಹೀಗೇ ಬಿಟ್ಟರೆ ಒಂದು ದಿನ ಕೈಮೀರುತ್ತೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅವಳು ನೋಡಿದರೆ ಅಕ್ಕನ ಮನೆಗೆ ಓಡಿ, ಆ ಬೀರುವಿನೊಳಗೆ ತಲೆ ತೂರಿಸಿ, ಮಡಿಸಿದ ಹೊದಿಕೆಗಳ ಮೇಲೆ ಕೆನ್ನೆಯಿಟ್ಟು ನಿಂತಿರುತ್ತಿದ್ದಳು. ಕರೆದರೆ ಬರುತ್ತಿರಲಿಲ್ಲ. ಹೆತ್ತವಳು ನಾನು!

ಅಕ್ಕ ತಾವಾಗಿಯೇ ಕೇಳಿದರು. "ಟೀಚರಮ್ಮ, ಬೀರಲ್ಲಿ ಒಂದು ಅರೆ ನಿಮ್ಗೇ ಬುಟ್ಕೊಡ್ತೀನಿ. ಮಗೀನ ಹಾಸ್ಗೆ ಬಟ್ಟೇನೆಲ್ಲಾ ಇಲ್ಲೇ ತಂದಾಕಿ."

"ಬೇಡ ಅಕ್ಕ, ನಾವೇ ಒಂದು ಮಾಡಿಸ್ತಾ ಇದೀವಿ" ಎಂದೆ. ಆ ಗಳಿಗೆಯವರೆಗೂ ಅಂಥ ಯೋಚನೆಯೇ ಇರಲಿಲ್ಲ.

ಬಾಯಿಂದ ಬಿದ್ದ ಮೇಲೆ ಮಾಡಿಸಲೇಬೇಕಲ್ಲ. ಗಾರೆಯವನು ನಮ್ಮ ಗೋಡೆ ಒಡೆಯುವಾಗ ಅಕ್ಕ ಬಂದು ನೋಡಿದರು. "ಕಡಪ ಕಲ್ಲು ಆಕಿಸ್ಬ್ಯಾಡಿ ಕಣಮ್ಮ, ಮರದ ಪಟ್ಟಿ ಹೊಡ್ಸಿ, ಸಂದು ಇರ್ಲಿ. ಬಾಗ್ಲಲ್ಲಿ ಮ್ಯಾಲೆ ಕೆಳ್ಗೆ ಒಸಿ ತೂತ ಬುಡ್ಸಿ. ಬಟ್ಟೆ ಉಸ್ರಾಡ್ಬೇಕು" ಎಂದರು. ನನ್ನದು ತಮ್ಮದಕ್ಕಿಂತ ಚೆಂದವಾಗಿಬಿಡುತ್ತದೆಂದು ಹೀಗೆ ಹೇಳುತ್ತಿದ್ದಾರೆ ಎನಿಸಿತು. ನುಣ್ಣನೆಯ ಕಡಪವೇ ಹಾಕಿಸಿದೆ. ಗಾಳಿಯಾಡದಂತೆ ಬಾಗಿಲು ಕೂಡಿಸಿ, ಮೇಲೆ ಸನ್‌ಮೈಕಾ ಅಂಟಿಸಿದೆ. ಅಕ್ಕನದು ಮಸಿ ಹಿಡಿದ ಹಲಸಿನ ಹಲಗೆ, ನನ್ನದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ದಿನಾ ಬೆಳಗ್ಗೆ ಬಟ್ಟೆ ಒಗೆದು, ಹಿಂಡಿ, ಬೀರುವಿನಲ್ಲಿ ಹರವಿ, ಎಂಟರ ಬಸ್ಸಿಗೆ ಓಡುತ್ತಿದ್ದೆ. ಸಂಜೆ ಬಂದು ಬಾಗಿಲು ತೆಗೆದರೆ ಎಲ್ಲ ಒಣಗಿ, ಮಡಿಕೆಯಾಗಿ, ಬೆಚ್ಚಗೆ ಕೂತಿರುತ್ತಿದ್ದವು. ಮಡಿಸಿದವರು ಅತ್ತೆ ಎಂದುಕೊಂಡಿದ್ದೆ. ಮಗಳ ಎದೆ ತಿಳಿಯಾಯಿತು. ಎರಡು ಮಳೆಗಾಲ, ಮೂರು ಮಳೆಗಾಲ… ಒಂದು ದಿನವೂ ಆಸ್ಪತ್ರೆಯ ಮುಖ ನೋಡಲಿಲ್ಲ. ನಾನು ಬೀಗಿದ್ದೇ ಬೀಗಿದ್ದು. ಕಾಂಪೌಂಡಿನ ಹತ್ತಿರ ನಿಂತು, ಅಕ್ಕನಿಗೆ ಕೇಳಿಸಲೆಂದೇ, ನಮ್ಮ ಬೀರು ಹೀಗೆ, ನಮ್ಮ ಬೀರು ಹಾಗೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಒಮ್ಮೆ ನೇರವಾಗಿಯೇ, "ನೋಡಿದ್ರಾ ಅಕ್ಕ, ಕಡಪ ಹಾಕಿಸಿದ್ರೂ ಏನೂ ಆಗಲಿಲ್ಲ" ಎಂದೆ. "ಊಂ ಕಣಮ್ಮ, ನಂದ್ಕಿಂತ ನಿಮ್ದೇ ವಾಸಿ" ಎಂದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

ಒಂದೇ ಒಂದು ಕಿರಿಕಿರಿಯಿತ್ತು. ಭಾನುವಾರ ಬಟ್ಟೆಗೆ ಕೈಹಾಕಿದರೆ ಅತ್ತೆ ಅಡ್ಡ ಬರುತ್ತಿದ್ದರು. "ನಮ್ಮ ಮನ್ತನಕ್ಕೆ ಬಾನುವಾರ ಬಟ್ಟೆ ಒಗ್ಯೋದು ಆಗಿಬರಕಿಲ್ಲ ಕಣವ್ವ" ಎನ್ನುವರು. ಶಾಲೆಗೆ ರಜೆ ಇದ್ದ ದಿನವೂ ಏನಾದರೊಂದು ನೆಪ. ಹಳೇ ಕಾಲದವರು, ಇವರ ಬಾಯಿಗೆ ಯಾಕೆ ಹೋಗಲಿ ಎಂದು ಸುಮ್ಮನಿದ್ದೆ.

ಅಕ್ಕನ ಯಜಮಾನರು ತೀರಿಕೊಂಡ ವರ್ಷ ಅವರು ಮನೆ ಮಾರಿ ನುಗ್ಗೇಹಳ್ಳಿ ಕಡೆಯ ತವರಿಗೆ ಹೊರಟರು. ನಾನು ಅತ್ತುಬಿಟ್ಟೆ. ನಿಜವಾಗಿಯೂ ಅಳು ಬಂತು, ಆದರೆ ಒಳಗೆಲ್ಲೋ ಹಗುರವೂ ಆಯಿತು. ಇನ್ನು ಈ ಬೀದಿಯಲ್ಲಿ ಬೀರು ಎಂದರೆ ಜನ ನನ್ನದನ್ನೇ ಹೇಳುವುದು ಎಂದುಕೊಂಡೆ.

ಮುಂದಿನ ಆಷಾಢ ಬಂತು. ಸಂಜೆ ಬಾಗಿಲು ತೆಗೆದರೆ ಒಳಗೋಡೆಯೆಲ್ಲ ಬೆವರಿದೆ. ಹಾಸಿಗೆ ಬಟ್ಟೆ ಬಿಸಿ ಬಿಸಿಯಾಗಿ ಒದ್ದೆ. ಹದಿನೈದು ದಿನಕ್ಕೆ ಮಗಳ ಹೊದಿಕೆಯ ಮೇಲೆ ಕರೀ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಎದ್ದಿತು. ಪಾಠ ಮಾಡುತ್ತಿದ್ದಾಗಲೇ ಫೋನು ಬಂತು, ಮಗಳಿಗೆ ಉಸಿರು ಸಿಗುತ್ತಿಲ್ಲ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ ಎಂದು. ಹಳೇಕೋಟೆಯಿಂದ ಬಸ್ಸಿನಲ್ಲಿ ಹೇಗೆ ಬಂದೆನೋ ನನಗೇ ಗೊತ್ತಿಲ್ಲ. ಅವಳ ತುಟಿ ನೀಲಿಯಾಗಿತ್ತು.

ಮಗಳು ಚೇತರಿಸಿಕೊಂಡು ಮನೆಗೆ ಬಂದ ದಿನ ನಾನು ಗಾರೆಯವನನ್ನು ವಾಚಾಮಗೋಚರ ಬಯ್ಯುತ್ತಿದ್ದೆ. ಅತ್ತೆ ಹುರುಳಿಕಾಳು ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಅವ್ನನ್ನ ಯಾಕವ್ವ ಬೈತೀಯ? ಆ ಬೀರು ಒಂದಿನಾನೂ ಒಣಗ್ಸಿಲ್ಲ ಕಣವ್ವ. ನೀನು ಬಸ್ಸತ್ತಿದ್ಮ್ಯಾಕೆ ಪಕ್ಕದ್ಮನೆ ಆವಮ್ಮ ಗ್ವಾಡೆ ಮ್ಯಾಲಿಂದ ಬಟ್ಟೆ ಇಸ್ಕೋಳರು. ನೀನು ಬರಾದ್ರೊಳ್ಗೆ ಒಣಗ್ಸಿ ಮಡ್ಸಿ ಕೊಡೋರು. ಅವ್ಳಿಗೇಳ್ಬ್ಯಾಡಿ, ಆಸೆಪಟ್ಟು ಮಾಡಿಸ್ಕೊಂಡವ್ಳೆ, ಮಗ ಉಸಾರಾಗಿದ್ರೆ ಸಾಕು ಅನ್ನೋರು."

ಆಗ ಅರ್ಥವಾಯಿತು ಭಾನುವಾರದ ಮಡಿ, ನಾನು ಮನೆಯಲ್ಲಿದ್ದರೆ ಬಟ್ಟೆ ಗೋಡೆ ದಾಟುವಂತಿರಲಿಲ್ಲ. ಕಣ್ಣಲ್ಲಿ ನೀರು ಬರಬೇಕಿತ್ತು ನನಗೆ. ಬಂದದ್ದು ಸಿಟ್ಟು. ಮೂರು ವರ್ಷ ನಾನು ಜಂಬ ಕೊಚ್ಚುವುದನ್ನು ಕೇಳುತ್ತಾ, ಒಳಗೆ ನನ್ನದೇ ಬಟ್ಟೆ ಒಣಗಿಸುತ್ತಾ ನಿಂತಿದ್ದರಲ್ಲ! ನನ್ನ ಮಗಳ ಎದೆಯನ್ನು ಕಾಪಾಡಿದ್ದೂ ಅವರೇ. ಅಷ್ಟನ್ನೂ ನನಗೆ ಉಳಿಸದೆ ಹೋದರು ಎನಿಸಿತು. ಎಂಥ ಹೊಲಸು ಮನಸ್ಸು ನೋಡಿ.

ಒಂದು ರಜೆಯ ದಿನ ಬಡಗಿಯನ್ನು ಕರೆಸಿ ಕಡಪ ಕೀಳಿಸಿದೆ. ಪಟ್ಟಿ ಹೊಡೆಸಿದೆ, ತೂತು ಬಿಡಿಸಿದೆ. ಅಕ್ಕ ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ. ಬಟ್ಟೆ ಒಣಗಿತು. ಅವರಿಗೊಂದು ಮಾತು ಹೇಳಿ ಬರೋಣವೆಂದು ಎಷ್ಟೋ ಸಲ ಅವರ ಊರ ದಾರಿಯ ಚನ್ನರಾಯಪಟ್ಟಣದ ಬಸ್ಸಿನವರೆಗೂ ಹೋಗಿದ್ದೇನೆ. ಹೋದರೆ ಸೋತಂತೆ… ಹಾಗೆಂದುಕೊಂಡು ವಾಪಸು ಬರುತ್ತಿದ್ದೆ. ಕೊನೆಗೆ ಹೋದದ್ದು ಅವರ ತಿಥಿಗೆ. ಊಟಕ್ಕೆ ಬಡಿಸುತ್ತಿದ್ದ ಅವರ ನಾದಿನಿ ನನ್ನ ಗುರುತು ಕೇಳಿ, "ಓ, ಒಳ್ಳೇ ಬೀರು ಮಾಡಿಸ್ಕೊಂಡಿದ್ರಂತಲ್ಲ, ಆ ಟೀಚರಮ್ಮನಾ? ಅಕ್ಕ ಯಾವಾಗ್ಲೂ ಯೋಳೋರು" ಎಂದಳು. ಎಲೆಯ ಮುಂದೆ ತಲೆಬಗ್ಗಿಸಿ ಕೂತೆ.

ಮೊನ್ನೆ ಮಗಳು, ಅಳಿಯ ಬಂದಿದ್ದರು. ಬೀರುವಿನ ಬಾಗಿಲು ತೆಗೆದು ಅವಳು ಗಂಡನಿಗೆ ತೋರಿಸುತ್ತಿದ್ದಳು. "ನನ್ನ ಉಬ್ಬಸ ವಾಸಿಯಾಗಿದ್ದೇ ಇದರಿಂದ ಕಣ್ರೀ. ಅಮ್ಮನ ತಲೆ ನೋಡಿ." ಆಮೇಲೆ ಏನೋ ನೆನಪಾಗಿ ನನ್ನ ಕಡೆ ತಿರುಗಿದಳು. "ಪಕ್ಕದ ಮನೇಲೂ ಇಂಥದ್ದೇ ಒಂದಿತ್ತಲ್ವಾ ಅಮ್ಮ? ಆ ದೊಡ್ಡಮ್ಮ ನಿನ್ನದನ್ನ ನೋಡೇ ಮಾಡಿಸಿಕೊಂಡಿದ್ರಾ?"

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ದಿಂಬಿನ ಚೀಲ ಮಡಿಸುತ್ತಿದ್ದೆ.

"ಇರಬೇಕು" ಎಂದೆ.