ಮಾಡಿದವರಿಲ್ಲದ ಕ್ರಿಯೆ

ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಲೋಟ ಒಡೆದಿಲ್ಲ. ಲೋಟಗಳು ತಾವಾಗಿಯೇ ಒಡೆದುಹೋಗಿವೆ. ಹಾಲನ್ನೂ ಯಾರೂ ಉಕ್ಕಿಸಿಲ್ಲ, ಅದೇ ಉಕ್ಕಿಹೋಗಿದೆ. ಕೊಳ್ಳೇಗಾಲದ ನಮ್ಮ ಮಗ್ಗದಲ್ಲಿ ರೇಷ್ಮೆ ತುಂಡಾದರೆ ಅಪ್ಪ ‘ಎಳೆ ಓಯ್ತು’ ಎನ್ನುತ್ತಾರೆ, ಅದಕ್ಕೆ ಬೇರೆಲ್ಲೋ ತುರ್ತು ಕೆಲಸವಿತ್ತು ಎಂಬಂತೆ. ನಾನು ತಡವಾಗಿ ಎದ್ದ ದಿನವೂ ಯಳಂದೂರಿನ ಕಾಲೇಜಿಗೆ ಹೋಗುವ ಬಸ್ಸೇ ತಪ್ಪುತ್ತದೆ.

ಆ ಕಾಲೇಜಿನಲ್ಲಿ ನಾನು ಕಲಿಸುವುದು ಇದನ್ನೇ. ವ್ಯಾಕರಣವೆಂದರೆ ನಿಯಮಗಳ ಗಂಟಲ್ಲ, ಆಯ್ಕೆಗಳ ಸಾಲು. ಯಾರನ್ನು ವಾಕ್ಯದ ಮುಂದೆ ನಿಲ್ಲಿಸಬೇಕು, ಯಾರನ್ನು ಮರೆಗೆ ಸರಿಸಬೇಕು ಎಂಬುದು ರಚನೆಯಲ್ಲೇ ತೀರ್ಮಾನವಾಗುತ್ತದೆ ಎನ್ನುತ್ತದೆ ಕಾರ್ಯಾತ್ಮಕ ವ್ಯಾಕರಣ. ‘ಹೋಯಿತು’ ಎಂಬ ಪುಟ್ಟ ಕ್ರಿಯಾಪದ ಮಾಡಿದವನನ್ನು ಬೆನ್ನ ಮೇಲೆ ಹೊತ್ತು ನಡೆದುಬಿಡುತ್ತದೆ ಎಂದು ತರಗತಿಯಲ್ಲಿ ಹೇಳಿ, ಮಕ್ಕಳು ನಕ್ಕಾಗ ಒಳಗೊಳಗೇ ಹಿಗ್ಗಿದವಳು ನಾನು.

ಕಳೆದ ತಿಂಗಳು, ಹನೂರಿಗೆ ಕೊಟ್ಟಿರುವ ದೊಡ್ಡಪ್ಪನ ಮಗಳು ನಮ್ಮೂರ ಆಸ್ಪತ್ರೆಯಲ್ಲಿದ್ದಾಳೆಂದು ತಿಳಿದು ಹೋದೆ. ಅಕ್ಕನ ಎಡಗೈ ಊದಿತ್ತು. ಬಾವ ಎಳನೀರು ತರಲು ಹೋಗಿದ್ದರು. ನರ್ಸಮ್ಮ ಬರೆದುಕೊಳ್ಳುತ್ತಿದ್ದರು.

“ಎಂಗಾಯ್ತವ್ವ?”

“ಬಚ್ಲಲ್ಲಿ ಕಾಲು ಜಾರ್ತು. ಕೈ ಮುರ್ದೋಯ್ತು.”

“ಓದ್ಸಲವೂ ಬಚ್ಲೇ ಅಂದಿದ್ದೆ. ನಿಮ್ಮನೆ ಬಚ್ಲಿಗೇನು ಬೆಣ್ಣೆ ಸವ್ರವ್ರಾ?”

ಅಕ್ಕ ನಕ್ಕಳು. ನನಗೆ ಆ ನಗು ಇಂದಿಗೂ ಅರ್ಥವಾಗಿಲ್ಲ. ನರ್ಸಮ್ಮ ಅತ್ತ ಹೋದೊಡನೆ ನಾನು ಮೆಲ್ಲಗೆ, “ಯಾರು ಮುರಿದರು ಅಂತ ಹೇಳಿಬಿಡಕ್ಕ” ಎಂದೆ. ಮುರಿಯುವ ಕ್ರಿಯೆ ಒಂದೇ; ಬದಲಾಗಬೇಕಾದದ್ದು ಅದರ ಕೊನೆ ಮಾತ್ರ. ಅಷ್ಟು ಸಣ್ಣ ತಿದ್ದುಪಡಿ ಎಂದು ನನ್ನ ಪಾಂಡಿತ್ಯ ನಂಬಿತ್ತು.

“ನೀನು ಓದಿದ್ದೆಲ್ಲ ನನ್ ಮುಂದೆ ಒಪ್ಪುಸ್ಬೇಡ ಕಣೆ” ಎಂದಳು ಅಕ್ಕ. “ಮುರ್ದೋಯ್ತು ಅಂದ್ರೆ ಮೂಳೆ ಕೂಡ್ಕತದೆ. ಅವ್ರು ಮುರುದ್ರು ಅಂದ್ರೆ ಕೂಡ್ಕಳಲ್ಲ. ಆಮ್ಯಾಕೆ ಆ ಮನೆಗೆ ಎಂಗ್ ಓಗ್ಲಿ?”

ತಾನು ಆಡಲೊಲ್ಲದ ವಾಕ್ಯದಲ್ಲೂ ಅವಳು ಗಂಡನಿಗೆ ಬಹುವಚನ ಕೊಟ್ಟಿದ್ದಳು. ಇಂಥದನ್ನು ಗಮನಿಸುವುದೊಂದು ಬಿಟ್ಟು ನನ್ನ ವಿದ್ಯೆಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ.

ನರ್ಸಮ್ಮ ಮರಳಿ ಬಂದು ನನ್ನ ಕಡೆ ತಿರುಗಿದರು. “ನೀವು ತಂಗಿ ಅಲ್ವಾ? ಓದಿರೋರಂಗೆ ಕಾಣ್ತೀರಿ. ಏನಾಯ್ತು ಅಂತ ನೀವಾರ ಏಳಿ, ಬರ್ಕತೀನಿ.”

ಅಕ್ಕ ಸರಿಯಿದ್ದ ಕೈಯಿಂದ ನನ್ನ ದುಪಟ್ಟಾ ಹಿಡಿದುಕೊಂಡಳು. ಬಾಗಿಲಲ್ಲಿ ಬಾವ ಎರಡು ಎಳನೀರು ಹಿಡಿದು ನಿಂತಿದ್ದರು, ಒಂದು ನನಗಂತೆ. ನನ್ನ ಬಳಿ ಬೇಕಾದ ವಾಕ್ಯವಿತ್ತು. ಕರ್ತೃ, ಕರ್ಮ, ಕ್ರಿಯೆ, ಎಲ್ಲವೂ ಸರಿಯಾದ ಸ್ಥಾನದಲ್ಲಿದ್ದವು.

“ಕಾಲು ಜಾರಿದೆ. ಕೈ ಮುರಿದುಹೋಗಿದೆ” ಎಂದೆ, ಒಂದಕ್ಷರವೂ ತಪ್ಪದೆ.

ನರ್ಸಮ್ಮ ನನ್ನನ್ನೇ ಒಂದು ಗಳಿಗೆ ನೋಡಿ, ತಲೆ ತಗ್ಗಿಸಿ ಬರೆದುಕೊಂಡರು. ಸಂಜೆ ಬಾವ ಆಟೋ ಕರೆದರು. ಅಕ್ಕ ಹನೂರಿಗೆ ಹೋದಳು.

ಹೋದಳು ಎಂದು ಬರೆದುಬಿಟ್ಟೆ. ತಿದ್ದುತ್ತೇನೆ: ಅಕ್ಕನನ್ನು ಹನೂರಿಗೆ ನಾನು ಕಳಿಸಿದೆ.